ಗರಗಸದ ಸಾಣೆ: ಮಷಿನ್ ಮಾಡುವ ಕೆಲಸ, ನಮ್ಮ ಕೈಗೇ ಉಳಿಯುವ ಕೆಲಸ

ಸಾಮಿಲ್‌ನಿಂದ ಸಾಣೆಗೆ ಬರುವ ಬ್ಲೇಡಿನ ಜೊತೆ ಸಾಮಾನ್ಯವಾಗಿ ಒಂದು ಮಾತೂ ಬರುತ್ತದೆ: "ಮೊನ್ನೆರ ಚೂಪ್ ಮಾಡಿಸೇವಿ, ಮತ್ತ ಗೆರಿ ಬಿಟ್ಟು ಓಡಾಕತ್ತೈತಿ." ಬೆಳಗಾವಿಯ ಅಡ್ಡೆಗಳಲ್ಲಿ ಖಾನಾಪುರ ಕಡೆಯ ಸಾಗವಾನಿ, ಮತ್ತಿ ಕೊಯ್ಯುವವರಿರಲಿ, ಬಾಗಲಕೋಟೆ, ವಿಜಯಪುರ ಕಡೆ ಜಾಲಿ, ಬೇವು, ಹುಣಸಿ ಕೊಯ್ಯುವವರಿರಲಿ, ದೂರು ಇದೇ. ಬ್ಲೇಡನ್ನು ಬೆಳಕಿಗೆ ಹಿಡಿದು ನೋಡಿದರೆ ಹಲ್ಲು ಚೂಪಾಗಿಯೇ ಇರುತ್ತದೆ. ಕೆಟ್ಟಿರುವುದು ಅದಕ್ಕಿಂತ ಮೊದಲಿನ ಕೆಲಸ.

ಗರಗಸ ಸಿದ್ಧ ಮಾಡುವುದರಲ್ಲಿ ನಾಲ್ಕು ಕೆಲಸಗಳಿವೆ. ಹಲ್ಲುಗಳ ತುದಿಯನ್ನೆಲ್ಲ ಒಂದೇ ಎತ್ತರಕ್ಕೆ ತರಬೇಕು. ಹಲ್ಲಿನ ಆಕಾರವನ್ನೂ ನಡುವಿನ ತಗ್ಗನ್ನೂ ಸರಿಮಾಡಬೇಕು. ಒಂದು ಬಿಟ್ಟು ಒಂದು ಹಲ್ಲನ್ನು ಎಡಕ್ಕೆ, ಬಲಕ್ಕೆ ಬಾಗಿಸಿ ಸೆಟ್ ಕೊಡಬೇಕು. ಚೂಪು ಮಾಡುವುದು ಕೊನೆಗೆ. ಸಾಣೆ ಉಪಕರಣಗಳ ಇತಿಹಾಸವನ್ನು ಈ ನಾಲ್ಕರ ಕಣ್ಣಿನಿಂದ ನೋಡಿದರೆ, ಪ್ರತಿ ಹೊಸ ಮಷಿನ್ ಇವುಗಳಲ್ಲಿ ಒಂದೆರಡನ್ನು ಮಾತ್ರ ತನ್ನ ಮೇಲೆ ತೆಗೆದುಕೊಂಡು ಉಳಿದದ್ದನ್ನು ಕಾರಿಗರನಿಗೇ ಬಿಟ್ಟಿರುವುದು ಕಾಣುತ್ತದೆ. ಬಿಟ್ಟದ್ದು ಯಾವುದು ಎಂದು ತಿಳಿದವನ ಕೈಯಲ್ಲಿ ಹಳೆಯ ಮಷಿನ್ ಕೂಡ ಒಳ್ಳೆಯ ಕೆಲಸ ಕೊಡುತ್ತದೆ.

ಮೊದಲು ಅರ. 19ನೇ ಶತಮಾನ ಬಹುಪಾಲು ಮುಗಿಯುವವರೆಗೂ ಅರದ ಹಲ್ಲುಗಳನ್ನು ಉಳಿ, ಸುತ್ತಿಗೆಯಿಂದ ಕೈಯಲ್ಲೇ ಕಡಿಯುತ್ತಿದ್ದರು. ಲಿಯೊನಾರ್ಡೊ ಡ ವಿಂಚಿ ಸುಮಾರು 500 ವರ್ಷಗಳ ಹಿಂದೆಯೇ ಅರ ಕಡಿಯುವ ಯಂತ್ರದ ಚಿತ್ರ ಬರೆದಿದ್ದ. ಆದರೂ ಯಂತ್ರದ ಅರಗಳನ್ನು ಕೆಲಸಗಾರರು ಬಹಳ ಕಾಲ ಒಪ್ಪಲಿಲ್ಲ, ಅದಕ್ಕೆ ಕಾರಣವೂ ಇತ್ತು. ಯಂತ್ರ ಕಡಿದ ಹಲ್ಲುಗಳ ಅಂತರ ತೀರಾ ಒಂದೇ ಸಮ. ಹಿಂದಿನ ಹಲ್ಲು ಮಾಡಿದ ಗೀರಿನಲ್ಲೇ ಮುಂದಿನ ಹಲ್ಲೂ ಹೋಗಿ ಬೀಳುತ್ತದೆ, ಅರ ಕಟಕಟ ಅದುರುತ್ತದೆ. ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ 1864ರಲ್ಲಿ ಕಂಪನಿ ಕಟ್ಟಿದ ವಿಲಿಯಂ ನಿಕಲ್ಸನ್, ಹಲ್ಲುಗಳ ಅಂತರ ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಹೋಗುವಂತೆ ಯಂತ್ರದಲ್ಲೇ ಕಡಿಯುವ ದಾರಿ ಕಂಡುಕೊಂಡ. ಯಂತ್ರದ ಅರ ಬಡಿಗರ ಪೆಟ್ಟಿಗೆ ಸೇರಿದ್ದು ಅಲ್ಲಿಂದ ಮುಂದೆ.

ಕೈಗರಗಸಕ್ಕೆ ಇವತ್ತಿಗೂ ಮೂರು ಮೂಲೆಯ ಅರವೇ ಬೇಕು. ಅದರ ಮೂಲೆ 60 ಡಿಗ್ರಿ. ಹಾಗಾಗಿ ಎರಡು ಹಲ್ಲುಗಳ ನಡುವಿನ ಕೋನ ಯಾವಾಗಲೂ 60 ಡಿಗ್ರಿಯೇ ಇರುತ್ತದೆ. ನಾವು ಬದಲಿಸಲು ಆಗುವುದು ಅರವನ್ನು ಎಷ್ಟು ವಾಲಿಸುತ್ತೇವೆ ಎಂಬುದನ್ನು ಮಾತ್ರ. ಉದ್ದ ಕೊಯ್ಯುವ ಗರಗಸದಲ್ಲಿ ಹಲ್ಲಿನ ಮುಖ ಬಹುತೇಕ ನೆಟ್ಟಗಿರಬೇಕು, 0ಯಿಂದ 8 ಡಿಗ್ರಿ ಹಿಂದಕ್ಕೆ ವಾಲಿದರೆ ಸಾಕು. ಅಡ್ಡ ಕೊಯ್ಯುವುದಕ್ಕೆ 15 ಡಿಗ್ರಿ ಹಿಂದಕ್ಕೆ ವಾಲಿಸಿ, ಜೊತೆಗೆ ಅರವನ್ನು ಪಕ್ಕಕ್ಕೆ 20ರಿಂದ 25 ಡಿಗ್ರಿ ತಿರುಗಿಸಬೇಕು. ಆಗ ಹಲ್ಲಿಗೆ ಚಾಕುವಿನಂತೆ ನಾರು ಕಡಿಯುವ ಅಂಚು ಬರುತ್ತದೆ. ಅರದ ಅಳತೆ ಆರಿಸಲು ಒಂದು ನಿಯಮ ಉಂಟು: ಅರದ ಮಗ್ಗುಲಿನ ಅಗಲ ಹಲ್ಲಿನ ಎತ್ತರದ ಎರಡರಷ್ಟಕ್ಕಿಂತ ತುಸು ಹೆಚ್ಚಿರಬೇಕು. ಆಗ ಅರ ತಿರುಗಿಸಿ ಹಿಡಿದಾಗ ಪ್ರತಿ ಮಗ್ಗುಲಿನ ಎರಡು ಅಂಚುಗಳೂ ಬೇರೆ ಬೇರೆಯಾಗಿ ಸವೆಯುತ್ತವೆ, ಒಂದೇ ಜಾಗ ಎರಡು ಸಲ ಕೆಲಸ ಮಾಡುವುದಿಲ್ಲ. ಇಂಚಿಗೆ 8 ಹಲ್ಲಿನ ಗರಗಸಕ್ಕೆ 6 ಇಂಚಿನ ತೆಳು ಅರ ಸರಿಹೋಗುತ್ತದೆ. ಅರ ಮುಂದಕ್ಕೆ ಹೋಗುವಾಗ ಮಾತ್ರ ಕಡಿಯುತ್ತದೆ, ಹಿಂದಕ್ಕೆ ತರುವಾಗ ಎತ್ತಿ ತರಬೇಕು. ಹಿಂದಕ್ಕೆ ಉಜ್ಜಿದರೆ ಹಾಳಾಗುವುದು ಅರದ ಹಲ್ಲು.

ಗರಗಸ ದೊಡ್ಡದಾದ ಮೇಲೆ ಅರ ಸಾಲದಾಯಿತು, ತಿರುಗುವ ಸಾಣೆ ಕಲ್ಲು ಬೇಕಾಯಿತು. ಗುಂಡನೆಯ ಗರಗಸಕ್ಕೆ ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಮಿಲ್ಲರ್ ಪೇಟೆಂಟ್ ಪಡೆದದ್ದು 1777ರಲ್ಲಿ. ಬ್ಯಾಂಡ್ ಸಾಗೆ, ಅಂದರೆ ಗಾಲಿಗಳ ಮೇಲೆ ಸುತ್ತುವ ಪಟ್ಟಿ ಗರಗಸಕ್ಕೆ, ವಿಲಿಯಂ ನ್ಯೂಬೆರಿ 1808ರಲ್ಲೇ ಪೇಟೆಂಟ್ ಪಡೆದರೂ, ಪಟ್ಟಿಯ ಎರಡು ತುದಿಗಳನ್ನು ಮುರಿಯದಂತೆ ಬೆಸೆಯುವುದು ಆಗಿನವರಿಗೆ ಸಾಧ್ಯವಾಗಲಿಲ್ಲ. ಫ್ರಾನ್ಸಿನ ಆನ್ ಪೋಲಿನ್ ಕ್ರೆಪಾಂ ಎಂಬ ಹೆಣ್ಣುಮಗಳು 1846ರಲ್ಲಿ ಬೆಸುಗೆಯ ದಾರಿ ತೋರಿಸಿದ ಮೇಲೆಯೇ ಬ್ಯಾಂಡ್ ಸಾ ಕಾರ್ಖಾನೆಗಳಿಗೆ ಬಂತು.

ಗುಂಡು ಬ್ಲೇಡಿನ ತೊಂದರೆಯೇ ಬೇರೆ. ಪ್ರತಿ ಸಾಣೆಗೂ ಬ್ಲೇಡ್ ಸಣ್ಣದಾಗುತ್ತ ಹೋಗುತ್ತದೆ, ಕೊನೆಗೆ ದೊಡ್ಡ ದಿಮ್ಮಿಗೆ ಮುಟ್ಟುವುದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೇಥನ್ ಸ್ಪಾಲ್ಡಿಂಗ್ 1861ರಲ್ಲಿ, ಹಲ್ಲನ್ನೇ ಬಿಚ್ಚಿ ಬದಲಿಸುವ ಬ್ಲೇಡಿಗೆ ಪೇಟೆಂಟ್ ಪಡೆದ. ಹಲ್ಲು ಕೂರುವ ಗೂಡನ್ನು ಅವನು ಚೌಕವಾಗಿ ಬಿಡದೆ ದುಂಡಗೆ ಮಾಡಿದ. ನನ್ನ ಲೆಕ್ಕದಲ್ಲಿ ಅವನ ನಿಜವಾದ ಜಾಣ್ಮೆ ಅದರಲ್ಲೇ ಇದೆ. ಚೌಕ ಮೂಲೆಯಲ್ಲಿ ಒತ್ತಡವೆಲ್ಲ ಒಂದೇ ಬಿಂದುವಿಗೆ ಸೇರಿ ಬ್ಲೇಡ್ ಅಲ್ಲಿಂದ ಸೀಳುತ್ತದೆ, ದುಂಡಗಿದ್ದರೆ ಒತ್ತಡ ಹಂಚಿಹೋಗುತ್ತದೆ. ಇವತ್ತು ನಮ್ಮ ಕಡೆಯ ಬ್ಯಾಂಡ್ ಸಾ ಪಟ್ಟಿಗಳು ಸೀಳುವುದೂ ಬಹುಮಟ್ಟಿಗೆ ಇದೇ ಕಾರಣಕ್ಕೆ. ಸಾಣೆ ಕಲ್ಲಿನ ಅಂಚು ಸವೆದು ಚೂಪಾಗಿರುತ್ತದೆ, ಅದು ತಗ್ಗಿನ ತಳದಲ್ಲಿ ಸಣ್ಣ ಗೀರು ಕೊರೆಯುತ್ತದೆ, ಪಟ್ಟಿ ಗಾಲಿಯ ಮೇಲೆ ಬಾಗಿ ಬಾಗಿ ಓಡುವಾಗ ಆ ಗೀರು ಬಿರುಕಾಗುತ್ತದೆ. ಡ್ರೆಸ್ಸರ್‌ನಿಂದ (ಕಲ್ಲನ್ನೇ ಕೆತ್ತಿ ಸರಿಮಾಡುವ ಉಪಕರಣ) ಕಲ್ಲಿನ ಅಂಚನ್ನು ದುಂಡಗೆ ಮಾಡಿಕೊಳ್ಳಲು ಹಿಡಿಯುವುದು ಕೆಲವೇ ನಿಮಿಷ. ಕಲ್ಲಿನ ದಪ್ಪ ಹಲ್ಲಿನಿಂದ ಹಲ್ಲಿನ ಅಂತರದ ಸುಮಾರು ಮೂರರಲ್ಲಿ ಒಂದು ಭಾಗ ಇದ್ದರೆ ತಗ್ಗು ಸಹಜವಾಗಿಯೇ ದುಂಡಗೆ ಬರುತ್ತದೆ.

ಕಲ್ಲಿನ ವಿಷಯಕ್ಕೆ ಬಂದರೆ, ಹಿಂದೆ ಇದ್ದದ್ದು ಗ್ರೀಸಿನ ನಾಕ್ಸೋಸ್ ದ್ವೀಪದಿಂದ ಬರುತ್ತಿದ್ದಂಥ ಎಮರಿ ಎಂಬ ನೈಸರ್ಗಿಕ ಕಲ್ಲು. ಅದರ ಗಟ್ಟಿತನ ಒಂದೊಂದು ಮೂಟೆಯಲ್ಲಿ ಒಂದೊಂದು ಥರ. 1891ರಲ್ಲಿ ಎಡ್ವರ್ಡ್ ಆಚೆಸನ್ ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡ್ ತಯಾರಿಸಿದ. ಕೆಲವೇ ವರ್ಷಗಳಲ್ಲಿ ಬಾಕ್ಸೈಟ್ ಕರಗಿಸಿದ ಅಲ್ಯೂಮಿನಿಯಂ ಆಕ್ಸೈಡ್ ಬಂತು. ಬ್ಯಾಂಡ್ ಸಾ ಉಕ್ಕಿಗೆ ಬೇಕಾದದ್ದು ಈ ಎರಡನೆಯದು, ಗ್ರಿಟ್ (ಕಣದ ಅಳತೆ) 60ರಿಂದ 80. ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲು ಉಕ್ಕಿನ ಮೇಲೆ ಬೇಗ ಮೊಂಡಾಗುತ್ತದೆ, ಮೊಂಡಾದ ಕಲ್ಲು ಕಡಿಯುವುದನ್ನು ಬಿಟ್ಟು ಉಜ್ಜುತ್ತದೆ, ಉಜ್ಜಿದರೆ ಕಾವು.

ಕಾವಿನ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಹಲ್ಲಿನ ತುದಿ ನೀಲಿಯಾದರೆ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಎಂದರ್ಥ. ಅನೇಕರು "ನೀಲಿ ಆದ್ರ ಮೆತ್ತಗ ಆತು, ಮತ್ತೊಂದ್ ಸಲ ಉಜ್ಜಿದ್ರ ಹೋಗ್ತದ" ಎಂದುಕೊಳ್ಳುತ್ತಾರೆ. ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಕಲ್ಲು ತಾಗಿದ ತೆಳು ಪದರ ಕ್ಷಣಮಾತ್ರ 750 ಡಿಗ್ರಿ ದಾಟಿದರೂ, ಹಿಂದೆ ಇರುವ ತಣ್ಣನೆಯ ಉಕ್ಕು ಆ ಕಾವನ್ನು ಥಟ್ಟನೆ ಹೀರಿಕೊಂಡು ಪದರವನ್ನು ಗಾಜಿನಂತೆ ಗಡುಸು ಮಾಡಿಬಿಡುತ್ತದೆ. ಪರೀಕ್ಷೆ ಸುಲಭ: ಹೊಸ ಅರವನ್ನು ತಗ್ಗಿನ ತಳದಲ್ಲಿ ಹಗುರವಾಗಿ ಎಳೆಯಿರಿ. ಅರ ಕಚ್ಚದೆ ಜಾರಿದರೆ ಅಲ್ಲಿ ಗಡಸು ಪದರ ಕೂತಿದೆ, ಮುಂದೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಒಂದೇ ಸುತ್ತಿನಲ್ಲಿ ಮುಗಿಸುವ ಆತುರ ಬಿಟ್ಟು, ಪ್ರತಿ ಸುತ್ತಿನಲ್ಲಿ 0.02ರಿಂದ 0.05 ಮಿ.ಮೀ. ಮಾತ್ರ ತೆಗೆಯಬೇಕು. ಕೊನೆಯ ಸುತ್ತಿನಲ್ಲಿ ಕಲ್ಲನ್ನು ಒತ್ತದೆ, ಸುಮ್ಮನೆ ಸವರಿ ಹೋಗಲು ಬಿಡಬೇಕು.

ಇನ್ನು ತಾನೇ ಓಡುವ ಸಾಣೆ ಮಷಿನ್. ಇದರ ಜೀವ ಎರಡು ಭಾಗಗಳಲ್ಲಿದೆ. ಒಂದು ಕ್ಯಾಮ್: ಕಲ್ಲಿನ ತಲೆಯನ್ನು ಹಲ್ಲಿನ ಮುಖದ ಗುಂಟ ಇಳಿಸಿ, ತಗ್ಗಿನ ತಳ ಸುತ್ತಿಸಿ, ಹಿಂದಿನ ಹಲ್ಲಿನ ಬೆನ್ನ ಮೇಲೆ ಏರಿಸುವುದು ಇದರ ಕೆಲಸ. ಇನ್ನೊಂದು ಫೀಡ್ ಫಿಂಗರ್: ಹಲ್ಲನ್ನು ಹಿಡಿದು ಒಂದೊಂದೇ ಹೆಜ್ಜೆ ಮುಂದೆ ತಳ್ಳುತ್ತದೆ. ಮಿನಿಯಾಪೊಲಿಸ್‌ನ ಫೋಲಿ ಕಂಪನಿಯ ಮಷಿನ್‌ನಲ್ಲಿ ಕಲ್ಲಿನ ಬದಲು ಅರವೇ ಹೀಗೆ ತಾನಾಗಿ ಆಡುತ್ತಿತ್ತು. ಕೈಗರಗಸ ಚೂಪು ಮಾಡುವ ಅಂಗಡಿಗಳು ಅಮೆರಿಕದ ಊರೂರಲ್ಲಿ ಅದನ್ನು ಇಟ್ಟುಕೊಂಡಿದ್ದವು.

ಮಷಿನ್‌ಗೆ ಅಳತೆಪಟ್ಟಿ ಇಲ್ಲ. ಅದಕ್ಕೆ ಗೊತ್ತಿರುವುದು ಫಿಂಗರ್ ಮುಟ್ಟಿದ ಹಲ್ಲು ಮಾತ್ರ. ಕಲ್ಲಿನ ಕೆಳಗಿರುವ ಹಲ್ಲನ್ನೇ ಫಿಂಗರ್ ತಳ್ಳಿದರೆ, ಪ್ರತಿ ಹಲ್ಲಿನ ಮುಖದಿಂದಲೂ ಒಂದೇ ಪ್ರಮಾಣ ಹೋಗುತ್ತದೆ. ಅಂತರ ಹೆಚ್ಚು ಕಡಿಮೆ ಇದ್ದದ್ದು ಹಾಗೆಯೇ ಉಳಿಯುತ್ತದೆ, ಹೆಚ್ಚುವುದಿಲ್ಲ. ಫಿಂಗರ್ ಎರಡು ಮೂರು ಹಲ್ಲು ಆಚೆ ಇರುವುದನ್ನು ತಳ್ಳುವಂತೆ ಕೂರಿಸಿದ್ದರೆ, ಅಲ್ಲಿನ ಅಂತರದ ತಪ್ಪು ಇಲ್ಲಿನ ಹಲ್ಲಿನ ಮೇಲೆ ಬೀಳುತ್ತದೆ: ಒಂದು ಹಲ್ಲನ್ನು ಕಲ್ಲು ಮುಟ್ಟುವುದೇ ಇಲ್ಲ, ಇನ್ನೊಂದು ಸುಟ್ಟುಹೋಗುತ್ತದೆ. ಮೊಳೆಗೆ ಸಿಕ್ಕು ನಾಲ್ಕೈದು ಹಲ್ಲು ಮುರಿದ ಪಟ್ಟಿಯಲ್ಲಿ ಇದು ಖಂಡಿತ ಆಗುತ್ತದೆ. ರಸ್ತೆ ಬದಿಯ ಬೇವು, ಹುಣಸಿ ಮರಗಳಲ್ಲಿ ಬೋರ್ಡಿನ ಮೊಳೆ ಇರುವುದು ನಮ್ಮ ಕಡೆ ಹೊಸದಲ್ಲವಲ್ಲ. ಅಂಥ ಪಟ್ಟಿ ಬಂದಾಗ ಫಿಂಗರನ್ನು ಕಲ್ಲಿನ ಕೆಳಗಿನ ಹಲ್ಲಿಗೇ ತಂದು, ಮುರಿದ ಜಾಗ ಬಂದಾಗ ಮಷಿನ್ ನಿಲ್ಲಿಸಿ ಕೈಯಿಂದ ದಾಟಿಸಬೇಕು. ಮುರಿದ ಹಲ್ಲನ್ನು ಒಂದೇ ಸಾಣೆಯಲ್ಲಿ ಸರಿಮಾಡಲು ಹೋಗಿ ಇಡೀ ಪಟ್ಟಿಯ ಅಗಲ ಕಳೆಯಬಾರದು. ನಾಲ್ಕೈದು ಸಾಣೆಗಳಲ್ಲಿ ಅದು ನಿಧಾನಕ್ಕೆ ಉಳಿದವುಗಳ ಸಾಲಿಗೆ ಬರುತ್ತದೆ. ಫಿಂಗರಿನ ತುದಿ ಸವೆದಿದ್ದರೆ ಅದೂ ಹಲ್ಲಿನಿಂದ ಜಾರಿ ಇದೇ ತಪ್ಪು ಮಾಡುತ್ತದೆ. ಬೆಳಗಾವಿಯ ಉದ್ಯಮಬಾಗದ ಯಾವುದೇ ಒಳ್ಳೆಯ ವರ್ಕ್‌ಶಾಪಿನಲ್ಲಿ ಗಡಸು ಉಕ್ಕಿನ ಹೊಸ ತುದಿ ಮಾಡಿಸಬಹುದು.

ಗೆರೆ ಬಿಟ್ಟು ಓಡುವುದಕ್ಕೆ ದೊಡ್ಡ ಕಾರಣ ಸೆಟ್. ಬ್ಲೇಡ್ ಯಾವ ಕಡೆ ಸೆಟ್ ಹೆಚ್ಚಿದೆಯೋ ಆ ಕಡೆ ಸರಿಯುತ್ತದೆ. ಜರ್ಮನಿಯ ಬಿಬೆರಾಖ್‌ನಲ್ಲಿ ಹೈನ್‌ರಿಶ್ ಫೋಲ್ಮರ್ 1909ರಲ್ಲಿ ವರ್ಕ್‌ಶಾಪ್ ತೆರೆದು ಸೆಟ್ ಕೊಡುವ ಕೆಲಸಕ್ಕೇ ಯಂತ್ರ ಮಾಡಿದ. ಆ ಹೆಸರಿನ ಕಂಪನಿ ಇಂದಿಗೂ ಸಾಣೆ ಮಷಿನ್ ಮಾಡುತ್ತಿದೆ. ಆದರೆ ನಮ್ಮ ಭಾಗದ ಬಹಳ ಕಡೆ ಸೆಟ್ ಕೊಡುವುದು ಇನ್ನೂ ಕೈಯಿಂದ, ಅಳೆಯುವುದು ಕಣ್ಣಿಂದ. ಇಲ್ಲಿ ಸೆಟ್ ಅಳೆಯುವ ಡಯಲ್ ಗೇಜ್ ಒಂದು ಇರಲೇಬೇಕು. ಒಣಗಿದ ಗಟ್ಟಿ ಕಟ್ಟಿಗೆಗೆ ಒಂದೊಂದು ಮಗ್ಗುಲಿಗೆ 0.35ರಿಂದ 0.4 ಮಿ.ಮೀ., ಹಸಿ ಮೆತ್ತನೆಯ ಕಟ್ಟಿಗೆಗೆ 0.5ರಿಂದ 0.6. ಹಲ್ಲಿನಿಂದ ಹಲ್ಲಿಗೆ ವ್ಯತ್ಯಾಸ 0.05 ದಾಟಬಾರದು. ಬಾಗಿಸುವುದು ಹಲ್ಲಿನ ಮೇಲಿನ ಮೂರರಲ್ಲಿ ಒಂದು ಭಾಗವನ್ನು ಮಾತ್ರ. ಬುಡದಿಂದ ಬಾಗಿಸಿದರೆ ಹಲ್ಲು ಬುಡದಲ್ಲೇ ಮುರಿಯುತ್ತದೆ.

ಸಾಗವಾನಿಯ ಕಾಟ ಬೇರೆ. ಅದರಲ್ಲಿ ಸಿಲಿಕಾ ಇರುವುದರಿಂದ ಸಾದಾ ಉಕ್ಕಿನ ಹಲ್ಲು ಬೇಗ ಸವೆಯುತ್ತದೆ. ಎರಿ ಮಣ್ಣಿನಲ್ಲಿ ಉರುಳಿಸಿ ತಂದ ದಿಮ್ಮಿಯ ತೊಗಟೆ ಇನ್ನೂ ಕೆಟ್ಟದ್ದು, ಅದನ್ನು ಕೊಡಲಿಯಿಂದ ಕೆತ್ತಿ ತೆಗೆದು ಕೊಯ್ದರೆ ಅರ್ಧ ಸಾಣೆ ಉಳಿಯುತ್ತದೆ. ಅಮೆರಿಕದ ಎಲ್‌ವುಡ್ ಹೇನ್ಸ್ 1907ರಲ್ಲಿ ಪೇಟೆಂಟ್ ಪಡೆದ ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹಗಳಿಂದ ಬಂದ ಸ್ಟೆಲೈಟನ್ನು ಹಲ್ಲಿನ ತುದಿಗೆ ಕರಗಿಸಿ ಕೂರಿಸಿದರೆ, ಸಾಗವಾನಿಯಲ್ಲಿ ಪಟ್ಟಿ ಬಹಳ ಹೆಚ್ಚು ಹೊತ್ತು ಓಡುತ್ತದೆ. ಅದನ್ನು ಸಾದಾ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲಿನಲ್ಲೇ ಸಾಣೆ ಹಿಡಿಯಬಹುದು. ಸಣ್ಣ ಮಿಲ್‌ಗಳಿಗೆ ಇದೇ ಲಾಭದ ದಾರಿ ಎಂದು ನಾನು ಹೇಳುವುದು ಅದಕ್ಕೇ.

ಪ್ಲೈವುಡ್, ಫರ್ನಿಚರ್ ಕೆಲಸದ ಟಿಸಿಟಿ (ಟಂಗ್‌ಸ್ಟನ್ ಕಾರ್ಬೈಡ್ ತುದಿಯ) ಬ್ಲೇಡ್ ಮಾತ್ರ ಬೇರೆ ಜಾತಿ. ಟಂಗ್‌ಸ್ಟನ್ ಕಾರ್ಬೈಡ್ ಪುಡಿಯನ್ನು ಕೋಬಾಲ್ಟ್‌ನಿಂದ ಬೆಸೆಯುವ ವಿಧಾನಕ್ಕೆ ಕಾರ್ಲ್ ಶ್ರೋಟರ್ 1923ರಲ್ಲಿ ಪೇಟೆಂಟ್ ಪಡೆದ, ಕೆಲವೇ ವರ್ಷಗಳಲ್ಲಿ ಕ್ರುಪ್ ಕಂಪನಿ ಅದನ್ನು ವಿಡಿಯಾ ಹೆಸರಿನಲ್ಲಿ ಮಾರಲು ತೊಡಗಿತು. ಇದಕ್ಕೆ ವಜ್ರದ ಕಲ್ಲೇ ಬೇಕು. ಜನರಲ್ ಎಲೆಕ್ಟ್ರಿಕ್ 1954ರಲ್ಲಿ ಕೃತಕ ವಜ್ರ ಮಾಡಿದ ನಂತರ ಅಂಥ ಕಲ್ಲು ಕ್ರಮೇಣ ಸಣ್ಣ ಅಂಗಡಿಗೂ ಬಂತು. ಆದರೆ ವಜ್ರದ ಕಲ್ಲನ್ನು ಬ್ಲೇಡಿನ ಉಕ್ಕಿಗೆ ತಾಗಿಸಬಾರದು: ಕಾವಿನಲ್ಲಿ ವಜ್ರದ ಇಂಗಾಲ ಕಬ್ಬಿಣದೊಳಗೆ ಕರಗಿ ಕಲ್ಲು ಹಾಳಾಗುತ್ತದೆ. ತುದಿಯ ಹಿಂದಿನ ಉಕ್ಕು ಮೇಲೆದ್ದಿದ್ದರೆ ಮೊದಲು ಸಾದಾ ಕಲ್ಲಿನಿಂದ ಅದನ್ನು ಇಳಿಸಿ, ಆಮೇಲೆ ವಜ್ರ. ಅದಕ್ಕೂ ಮೊದಲು ಹಲ್ಲಿಗೆ ಅಂಟಿದ ಗೋಂದು, ಮೇಣ ತೊಳೆದಿರಬೇಕು. ಅಂಟು ಮೆತ್ತಿದ ಬ್ಲೇಡ್ ಎಷ್ಟೋ ಸಲ ಮೊಂಡಾಗಿರುವುದೇ ಇಲ್ಲ, ತೊಳೆದರೆ ಸಾಕು.

ಕಾರ್ಬೈಡ್ ಸಾಣೆಯಲ್ಲಿ ಏಳುವ ಪುಡಿಯಲ್ಲಿ ಕೋಬಾಲ್ಟ್ ಇರುತ್ತದೆ, ವರ್ಷಗಟ್ಟಲೆ ಉಸಿರಿಗೆ ಸೇರಿದರೆ ಶ್ವಾಸಕೋಶವನ್ನು ಕಾಯಂ ಹಾಳುಮಾಡುತ್ತದೆ. ಹರಿಯುವ ಕೂಲೆಂಟ್ (ತಣಿಸುವ ನೀರು) ಪುಡಿಯನ್ನು ತಡೆಯುತ್ತದೆ, ಆದರೆ ಕೋಬಾಲ್ಟ್ ಆ ನೀರಿಗೇ ಇಳಿಯುತ್ತದೆ. ಹಾಗಾಗಿ ಕೂಲೆಂಟನ್ನು ಕಾಲಕಾಲಕ್ಕೆ ಬದಲಿಸಬೇಕು, ಗಾಳಿಯಿಂದ ಊದಿ ಮಷಿನ್ ಸ್ವಚ್ಛ ಮಾಡಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯುವುದಿಲ್ಲ, ಪುಡಿ ಸೋಸುವ ಮಾಸ್ಕ್ ಬೇಕು. ಕೆಲಸ ಕಲಿಯಲು ಬರುವ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳಬೇಕು.

ಬ್ಲೇಡ್ ವಾಪಸ್ ಕೊಡುವಾಗ ತಂತಿಗೆ ಒಂದು ಚೀಟಿ ಕಟ್ಟಿ: ಹುಕ್ ಕೋನ (ಹಲ್ಲಿನ ಮುಖದ ವಾಲು) ಎಷ್ಟು, ಎಡ ಬಲ ಸೆಟ್ ಎಷ್ಟು, ಪಟ್ಟಿಯ ಉಳಿದ ಅಗಲ ಎಷ್ಟು, ಮುರಿದ ಹಲ್ಲು ಎಲ್ಲಿ. ಮುಂದಿನ ಸಲ ಅದೇ ಬ್ಲೇಡ್ ದೂರಿನೊಂದಿಗೆ ಬಂದರೆ, ಗೇಜ್ ಹಿಡಿದು ಚೀಟಿಯ ಅಂಕಿಗೆ ಹೋಲಿಸಿ ನೋಡಿ. ಸೆಟ್ ಒಂದೇ ಕಡೆ ಕಡಿಮೆಯಾಗಿದ್ದರೆ ಪಟ್ಟಿಯನ್ನು ನೇರ ಹಿಡಿಯುವ ಮಿಲ್‌ನ ಗೈಡ್ ಆ ಮಗ್ಗುಲಿಗೆ ಉಜ್ಜುತ್ತಿದೆ, ಸರಿಪಡಿಸಬೇಕಾದದ್ದು ಅಲ್ಲಿ. ಎರಡೂ ಕಡೆ ಸಮನಾಗಿ ಕಡಿಮೆಯಾಗಿದ್ದರೆ ಅದು ಸವೆತ, ಮತ್ತೆ ಸೆಟ್ ಕೊಟ್ಟು ಸಾಣೆ ಹಿಡಿದರಾಯಿತು.