ಕತ್ತರಿಸಿದ ನರ ಮತ್ತೆ ಬೆಳೆಯುತ್ತಾ?

ಮಲೆನಾಡಿನ ಊರೊಂದರಲ್ಲಿ ಹದಿನಾರು ವರ್ಷದಿಂದ ಫಿಜಿಯೋಥೆರಪಿ ಮಾಡುತ್ತಿದ್ದೇನೆ. ಬರುವವರಲ್ಲಿ ಕೈಗೆ ಪೆಟ್ಟಾದವರೇ ಹೆಚ್ಚು. ಕುರ್ಚಿಯಲ್ಲಿ ಸರಿಯಾಗಿ ಕೂರುವ ಮುಂಚೆಯೇ ಕೇಳುತ್ತಾರೆ: "ಮೇಡಂ, ನರ ಕಟ್ ಆಗಿದೆ ಅಂದ್ರು. ಅದು ಮತ್ತೆ ಕೂಡ್ತದಾ?" ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳಿದ್ದಾರೆ. ಎಲೆ ಎತ್ತುವಷ್ಟರಲ್ಲಿ ಹೇಳಿ ಮುಗಿಸುವಂಥ ಉತ್ತರ ಅಲ್ಲ, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು 'ನರ' ಅನ್ನುವ ಮಾತನ್ನೇ ಸರಿಮಾಡಿಕೊಳ್ಳಬೇಕು. ನಮ್ಮ ಆಡುಮಾತಿನಲ್ಲಿ ಮುಂಗೈ ಮೇಲೆ ಹಸಿರಾಗಿ ಉಬ್ಬಿ ಕಾಣುವ ರಕ್ತನಾಳವೂ ನರ, ಬೆರಳನ್ನು ಎಳೆದು ಮಡಚುವ ಬಿಳಿ ಟೆಂಡನ್ನೂ ನರ, ಮುಟ್ಟಿದ್ದನ್ನು ಮೆದುಳಿಗೆ ತಿಳಿಸುವ ನರವೂ ನರ. ಮಣಿಕಟ್ಟಿನಲ್ಲಿ ಈ ಮೂರೂ ಒಂದು ಬೆರಳಗಲದೊಳಗೇ ಇವೆ. ರಕ್ತನಾಳ ಕಡಿದರೆ ರಕ್ತ ಚಿಮ್ಮುತ್ತದೆ, ಎಲ್ಲರೂ ಓಡಿ ಬರುತ್ತಾರೆ. ಟೆಂಡನ್ ಕಡಿದರೆ ಬೆರಳು ಮಡಚಲು ಬರುವುದಿಲ್ಲ, ಅದೂ ಕಣ್ಣಿಗೆ ಕಾಣುತ್ತದೆ. ನರ ಕಡಿದರೆ ಬೆರಳು ಮರಗಟ್ಟುತ್ತದೆ, ಅಷ್ಟೇ. ಗಾಯದ ಗಡಿಬಿಡಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಒಬ್ಬ ಅಕ್ಕನ ಕತೆ ಹಾಗೇ ಆಯಿತು. ಸುಗ್ಗಿಯ ಕಾಲ, ರಾತ್ರಿ ಹತ್ತರವರೆಗೂ ಅಡಿಕೆ ಸುಲಿತ. ಮೆಟ್ಟುಗತ್ತಿಯ ಮುಂದಿಂದ ಏಳುವಾಗ ಕಾಲು ಜಾರಿ ಬಲ ಮಣಿಕಟ್ಟು ಕತ್ತಿಯ ಮೇಲೆ ಬಿತ್ತು. ಹತ್ತಿರದಲ್ಲೇ ಹೊಲಿಗೆ ಹಾಕಿ ಕಳಿಸಿದರು. ಚರ್ಮ ಚೆನ್ನಾಗಿಯೇ ಮಾಯ್ದಿತು. ಎರಡು ತಿಂಗಳ ಮೇಲೆ ನನ್ನಲ್ಲಿಗೆ ಬಂದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರ ತುದಿಯಲ್ಲೂ ಸುಟ್ಟ ಬೊಬ್ಬೆಗಳಿದ್ದವು. ಒಲೆ ಮೇಲಿನ ಪಾತ್ರೆ ಹಿಡಿದದ್ದು ಗೊತ್ತೇ ಆಗಿರಲಿಲ್ಲ. "ಹೂ ಕಟ್ಟೋಕೆ ಆಗ್ತಿಲ್ಲ ಮೇಡಂ, ದಾರ ಕೈಯಲ್ಲಿ ಇದೆಯೋ ಇಲ್ಲವೋ ಅಂತ ನೋಡ್ಕೊಂಡೇ ಹಿಡೀಬೇಕು" ಅಂದರು. ಗಾಯದ ದಿನವೇ ಹತ್ತಿಯ ತುದಿಯಿಂದ ಬೆರಳು ಮುಟ್ಟಿ "ಗೊತ್ತಾಗುತ್ತಾ?" ಎಂದು ಒಂದು ಮಾತು ಕೇಳಿದ್ದರೆ ಆ ಎರಡು ತಿಂಗಳು ಉಳಿಯುತ್ತಿತ್ತು. ಪ್ಲಾಸ್ಟಿಕ್ ಸರ್ಜನ್ ತೆರೆದು ನೋಡುವಾಗ ನರದ ಎರಡು ತುದಿಗಳೂ ಹಿಂದೆ ಸರಿದುಬಿಟ್ಟಿದ್ದವು. ಕಾಲಿನ ಹಿಂಬದಿಯಿಂದ ತೆಳು ನರವೊಂದನ್ನು ತೆಗೆದು ನಡುವೆ ಕೂಡಿಸಬೇಕಾಯಿತು. ಕಾಲಿಗೆ ಏನಾಗುತ್ತದೆ ಎಂದು ಎಲ್ಲರೂ ಹೆದರುತ್ತಾರೆ. ಪಾದದ ಹೊರ ಅಂಚಿನಲ್ಲಿ ಸ್ವಲ್ಪ ಜಾಗ ಜಡವಾಗುತ್ತದೆ, ನಡೆಯಲು ತೊಂದರೆಯಿಲ್ಲ.

ಆಪರೇಷನ್ ಆದ ಕೂಡಲೇ ಬೆರಳಿಗೆ ಸ್ಪರ್ಶ ಬರುತ್ತದೆ ಎಂದು ಅವರ ಮನೆಯವರೆಲ್ಲ ಕಾದಿದ್ದರು, ಕರೆಂಟ್ ವೈರ್ ಜಾಯಿಂಟ್ ಹಾಕಿದರೆ ದೀಪ ಹತ್ತುವ ಹಾಗೆ. ನರ ವೈರ್ ಅಲ್ಲ. ತೋರುಬೆರಳ ತುದಿಯ ಸ್ಪರ್ಶ ತಿಳಿಸುವ ಜೀವಕೋಶದ ಒಡಲು ಇರುವುದು ಕುತ್ತಿಗೆಯ ಬೆನ್ನುಮೂಳೆಯ ಪಕ್ಕದಲ್ಲಿ. ಅಲ್ಲಿಂದ ಒಂದೇ ಎಳೆ ಬೆರಳ ತುದಿಯವರೆಗೆ ಚಾಚಿಕೊಂಡಿದೆ. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ನಡುವೆ ಕಡಿದರೆ ಏನಾಗುತ್ತದೆ ಎಂದು ನಾನು ಆ ಅಕ್ಕನನ್ನೇ ಕೇಳಿದೆ. "ಮೇಲಿಂದು ಒಣಗ್ತದೆ, ಬುಡದಿಂದ ಮತ್ತೆ ಚಿಗುರ್ತದೆ." ನರದ ಕತೆಯೂ ಅದೇ. ಆಗಸ್ಟಸ್ ವಾಲರ್ ಎಂಬ ಇಂಗ್ಲಿಷ್ ವೈದ್ಯ 1850ರಲ್ಲಿ ಕಪ್ಪೆಯ ನಾಲಗೆಯ ನರ ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿ ದಿನದಿನಕ್ಕೂ ನೋಡಿ ಹೇಳಿದ್ದು ಇದನ್ನೇ: ಒಡಲಿನಿಂದ ಬೇರೆಯಾದ ಭಾಗ ಸಾಯುತ್ತದೆ, ಒಡಲಿನ ಕಡೆಯ ಭಾಗ ಉಳಿಯುತ್ತದೆ. ಸರ್ಜನ್ ಹೊಲಿಯುವುದು ಎಳೆಗಳನ್ನಲ್ಲ, ಅವುಗಳ ಹೊರಕವಚವನ್ನು. ಹೊಸ ಚಿಗುರು ಹಬ್ಬಲು ಮರವನ್ನು ನೆಟ್ಟಗೆ ನಿಲ್ಲಿಸಿಕೊಟ್ಟ ಹಾಗೆ.

ಆ ಮರದ ಕೆಲಸ ಮಾಡುವುದು ಶ್ವಾನ್ ಕೋಶಗಳು. ನರದೆಳೆಯ ಸುತ್ತ ಕೊಬ್ಬಿನ ಪೊರೆ ಸುತ್ತಿಕೊಂಡಿದ್ದ ಇವು, ಎಳೆ ಸತ್ತ ಮೇಲೆ ತಮ್ಮ ಹಳೆಯ ಕೆಲಸ ಬಿಟ್ಟು ಕಸ ತೆಗೆಯಲು ನಿಲ್ಲುತ್ತವೆ, ರಕ್ತದಿಂದ ಬರುವ ಕಸಗುಡಿಸುವ ಕೋಶಗಳನ್ನು ಕರೆಯುತ್ತವೆ, ಆಮೇಲೆ ಸಾಲಾಗಿ ನಿಂತು ದಾರಿ ಕಟ್ಟುತ್ತವೆ. ಚಿಗುರನ್ನು ಮುಂದೆ ಎಳೆಯುವ ಪೋಷಕ ಪ್ರೋಟೀನುಗಳನ್ನೂ ಸುರಿಸುತ್ತವೆ. ಹದಿನಾರು ವರ್ಷ ಕೈ ನೋಡಿದ ಮೇಲೂ ನನಗೆ ಇದರ ಬೆರಗು ತೀರಿಲ್ಲ.

ವೇಗ ಎಷ್ಟು? ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊದಲ ಮೂರು ನಾಲ್ಕು ವಾರ ಚಿಗುರಿ ಹೊಲಿಗೆ ದಾಟುವುದಕ್ಕೇ ಹೋಗುತ್ತದೆ. ಮಣಿಕಟ್ಟಿನಿಂದ ತೋರುಬೆರಳ ತುದಿ 18 ಸೆಂಟಿಮೀಟರ್ ಇದ್ದರೆ 180 ದಿನ, ಮೇಲೆ ಆ ಒಂದು ತಿಂಗಳು. ಏಳು ತಿಂಗಳು ಎಂದರೆ ಮನೆಯವರ ಮುಖ ಬಾಡುತ್ತದೆ. ಹಾಗಾಗಿ ಅವರ ಕಣ್ಣೆದುರೇ ಒಂದು ಪರೀಕ್ಷೆ ಮಾಡಿ ತೋರಿಸುತ್ತೇನೆ. ಬೆರಳ ಕಡೆಯಿಂದ ಶುರುಮಾಡಿ ನರದ ಜಾಡಿನಲ್ಲೇ ಮೆಲ್ಲಗೆ ತಟ್ಟುತ್ತಾ ಮಣಿಕಟ್ಟಿನತ್ತ ಬರುತ್ತೇನೆ. ಒಂದು ಜಾಗದಲ್ಲಿ ತಟ್ಟಿದಾಗ ಬೆರಳ ತುದಿಗೆ ಇರುವೆ ಹರಿದಂತೆ ಜುಮ್ಮೆನ್ನುತ್ತದೆ. ಚಿಗುರು ಅಲ್ಲಿಗೆ ಬಂದಿದೆ. ಪೆನ್ನಿನಿಂದ ಗುರುತು ಹಾಕಿ ಗಾಯದಿಂದ ಎಷ್ಟು ದೂರ ಎಂದು ಅಳೆದು ಬರೆದಿಡುತ್ತೇನೆ. ಮುಂದಿನ ತಿಂಗಳು ಆ ಜುಮ್ಮು ಮೂರು ಸೆಂಟಿಮೀಟರ್ ಮುಂದೆ ಸಿಗುತ್ತದೆ. ಮೊದಲ ಮಹಾಯುದ್ಧದ ಗಾಯಾಳು ಸೈನಿಕರನ್ನು ನೋಡುತ್ತಿದ್ದ ಫ್ರೆಂಚ್ ವೈದ್ಯ ಜೂಲ್ ಟಿನೆಲ್ 1915ರಲ್ಲಿ ಇದನ್ನು ಬರೆದಾಗ ಕೊಟ್ಟ ಹೆಸರಿನಲ್ಲೂ ಇರುವೆಯೇ ಇದೆ. ಅವನ ಭಾಷೆಯಲ್ಲೂ ಜುಮ್ಮು ಇರುವೆ ಹರಿದ ಹಾಗೆಯೇ.

"ಜುಮ್ಮು ಹೆಚ್ಚಾಗಿದೆ, ಉರಿ ಬಂದಿದೆ, ಏನೋ ಕೆಟ್ಟಿದೆ" ಎಂದು ಹೆದರಿ ಫೋನ್ ಮಾಡುತ್ತಾರೆ. ಆಗ ಹೆನ್ರಿ ಹೆಡ್ ಎಂಬ ಲಂಡನ್ನಿನ ನರವೈದ್ಯನ ಕತೆ ಹೇಳುತ್ತೇನೆ. ರೋಗಿಗಳು ತಮಗೆ ಆಗುವುದನ್ನು ನಿಖರವಾಗಿ ಹೇಳಲಾರರು ಎಂದು, 1903ರ ಏಪ್ರಿಲ್‌ನಲ್ಲಿ ಅವನು ತನ್ನದೇ ಎಡ ಮುಂಗೈಯ ಸ್ಪರ್ಶನರ ಕತ್ತರಿಸಿ ಹೊಲಿಸಿಕೊಂಡ. ಆಮೇಲೆ ನಾಲ್ಕು ವರ್ಷ ಕೇಂಬ್ರಿಜ್‌ಗೆ ಹೋಗಿ, ಗೆಳೆಯ ರಿವರ್ಸ್‌ನ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತ. ರಿವರ್ಸ್ ಸೂಜಿ, ಹತ್ತಿ, ಬಿಸಿ, ತಣ್ಣಗಿನದು ಎಲ್ಲ ಮುಟ್ಟಿಸಿ ಬರೆದುಕೊಂಡ. ಮೊದಲು ಮರಳಿದ್ದು ಒರಟು ನೋವು. ಎಲ್ಲಿ ಚುಚ್ಚಿದರೂ ಸುತ್ತ ಹರಡಿ, ಬೇರೆಲ್ಲೋ ಕಾಣಿಸಿಕೊಳ್ಳುವ, ಸಹಿಸಲಾಗದ ನೋವು. ನವಿರಾದ ಸ್ಪರ್ಶ, ಎಲ್ಲಿ ಮುಟ್ಟಿದರು ಎನ್ನುವ ಖಚಿತತೆ ಬಹಳ ತಡವಾಗಿ ಬಂತು. ಇದರಿಂದ ಅವನು ಕಟ್ಟಿದ ಸಿದ್ಧಾಂತವನ್ನು ಮುಂದಿನವರು ಒಪ್ಪಲಿಲ್ಲ, ಆದರೆ ಅವನು ಅನುಭವಿಸಿ ಬರೆದದ್ದನ್ನು ನಾನು ವಾರಕ್ಕೊಮ್ಮೆ ಯಾರದ್ದಾದರೂ ಕೈಯಲ್ಲಿ ನೋಡುತ್ತೇನೆ. ಉರಿ ಬಂತೆಂದರೆ ಹೆಚ್ಚಾಗಿ ನರ ಬರುತ್ತಿದೆ.

ಸ್ಪರ್ಶ ತಡವಾದರೂ ಕಾಯುತ್ತದೆ, ಸ್ನಾಯು ಕಾಯುವುದಿಲ್ಲ. ನರ ತಪ್ಪಿದ ಸ್ನಾಯು ಒಂದು, ಒಂದೂವರೆ ವರ್ಷದಲ್ಲಿ ಸೊರಗಿ ನಾರಾಗುತ್ತದೆ, ಆಮೇಲೆ ನರ ಬಂದರೂ ಪ್ರಯೋಜನವಿಲ್ಲ. ಬೈಕಿನಿಂದ ಬಿದ್ದು, ಕುತ್ತಿಗೆಯಿಂದ ತೋಳಿಗೆ ಬರುವ ನರಗಳ ಗೊಂಚಲೇ ಕಿತ್ತುಬಂದ ಹುಡುಗರನ್ನು ನೋಡುವಾಗ ನನಗೆ ಸಂಕಟವಾಗುವುದು ಇದಕ್ಕೇ. ಕುತ್ತಿಗೆಯಿಂದ ಬೆರಳಿಗೆ 70 ಸೆಂಟಿಮೀಟರ್, ಲೆಕ್ಕ ಹಾಕಿದರೆ ಎರಡು ವರ್ಷ. ಅಷ್ಟರಲ್ಲಿ ಅಂಗೈಯ ಸ್ನಾಯು ಉಳಿದಿರುವುದಿಲ್ಲ. ಎಣ್ಣೆ ತಿಕ್ಕಿಸಿಕೊಂಡು ಎಂಟು ತಿಂಗಳು ಕಳೆದು ಬರುತ್ತಾರೆ. ಮೂರು ತಿಂಗಳಾದರೂ ಮೊಣಕೈ ಮಡಚಲು ಬರದಿದ್ದರೆ ದಯವಿಟ್ಟು ಕಾಯಬೇಡಿ, ಇಂಥ ನರಗಳ ಆಪರೇಷನ್ ಮಾಡುವ ಸರ್ಜನ್ ಹತ್ತಿರ ಹೋಗಿ. ಹತ್ತಿರದ ಆರೋಗ್ಯವಂತ ನರವೊಂದರ ಎಳೆಯನ್ನು ಸ್ನಾಯುವಿನ ಪಕ್ಕಕ್ಕೇ ತಿರುಗಿಸಿ ದಾರಿ ಮೊಟಕು ಮಾಡುವ ವಿಧಾನವಿದೆ. ಫ್ರಾನ್ಸಿನ ಸರ್ಜನ್ ಒಬರ್ಲಿನ್ 1994ರಲ್ಲಿ ಕಿರುಬೆರಳ ಕಡೆಗೆ ಹೋಗುವ ನರದ ಒಂದು ಎಳೆಯನ್ನು ಮೊಣಕೈ ಮಡಚುವ ಬೈಸೆಪ್ಸ್ ಸ್ನಾಯುವಿನ ನರಕ್ಕೆ ಜೋಡಿಸಿದ ಮೇಲೆ ಇದು ಬಹಳ ಕಡೆ ನಡೆಯುತ್ತಿದೆ. ಉಸಿರಾಟಕ್ಕೆ ನೆರವಾಗುವ ಪಕ್ಕೆಲುಬಿನ ನರವನ್ನೂ ತಿರುಗಿಸುತ್ತಾರೆ. ಹಾಗೆ ಮಾಡಿಸಿಕೊಂಡ ಹುಡುಗನೊಬ್ಬನಿಗೆ ನಾನು "ಉಸಿರು ಜೋರಾಗಿ ಎಳ್ಕೋ" ಅಂದಾಗ ಮೊಣಕೈ ಒಂದಿಷ್ಟು ಮೇಲೆದ್ದಿತು. ಅವನ ಅಮ್ಮ ಪಕ್ಕದಲ್ಲೇ ನಿಂತು ಬಾಯಿಗೆ ಸೆರಗು ಒತ್ತಿಕೊಂಡರು. ಕೆಲವು ತಿಂಗಳಲ್ಲಿ ಮೆದುಳು ಹೊಸ ಲೆಕ್ಕ ಕಲಿತು, ಉಸಿರಿನ ಹಂಗಿಲ್ಲದೆ ಕೈ ಏಳತೊಡಗಿತು.

ಕೈಯ ನರ ಬೆಳೆಯುವುದಾದರೆ ಬೆನ್ನುಹುರಿ ಯಾಕೆ ಬೆಳೆಯುವುದಿಲ್ಲ? ತೋಟದಲ್ಲಿ ಮರದಿಂದ ಬಿದ್ದವರ ಮನೆಯವರು ಇದನ್ನು ಕೇಳುವಾಗ ನನ್ನ ದನಿ ತಗ್ಗುತ್ತದೆ. ಸ್ಪೇನಿನ ನರವಿಜ್ಞಾನಿ ಕಹಾಲ್ ಸುಮಾರು ನೂರು ವರ್ಷದ ಹಿಂದೆಯೇ ನೋಡಿದ್ದ: ಬೆನ್ನುಹುರಿಯ ಎಳೆಗಳೂ ಚಿಗುರುತ್ತವೆ, ಆದರೆ ಸ್ವಲ್ಪ ದೂರ ಹೋಗಿ ಮುರುಟುತ್ತವೆ. ತಪ್ಪು ಎಳೆಯದೋ ಜಾಗದ್ದೋ? 1981ರಲ್ಲಿ ಮಾಂಟ್ರಿಯಲ್‌ನ ಸ್ಯಾಮ್ ಡೇವಿಡ್ ಮತ್ತು ಆಲ್ಬರ್ಟ್ ಅಗುವಾಯೋ ಇಲಿಯ ಕಾಲಿನ ನರದ ತುಂಡನ್ನು ಮೆದುಳಿನ ಬುಡದಿಂದ ಬೆನ್ನುಹುರಿಗೆ ಸೇತುವೆ ಮಾಡಿ ಹೊಲಿದರು. ಒಂದು ಮಿಲಿಮೀಟರ್ ಬೆಳೆಯಲು ಒದ್ದಾಡುತ್ತಿದ್ದ ಎಳೆಗಳು ಆ ಸೇತುವೆಯೊಳಗೆ 3 ಸೆಂಟಿಮೀಟರ್ ಓಡಿದವು. ಆಚೆ ತುದಿಯಲ್ಲಿ ಮತ್ತೆ ಬೆನ್ನುಹುರಿ ಸಿಕ್ಕ ಕೂಡಲೇ ನಿಂತುಬಿಟ್ಟವು. ಬೆನ್ನುಹುರಿಯಲ್ಲಿ ಶ್ವಾನ್ ಕೋಶಗಳಿಲ್ಲ, ಅಲ್ಲಿನ ಪೊರೆಯಲ್ಲಿ ಬೆಳವಣಿಗೆ ತಡೆಯುವ ಪದಾರ್ಥಗಳಿವೆ. ಜ್ಯೂರಿಕ್‌ನ ಮಾರ್ಟಿನ್ ಶ್ವಾಬ್ ಹಿಂಬಾಲಿಸಿದ ಅಂಥ ಒಂದು ಪ್ರೋಟೀನಿಗೆ 2000ರಲ್ಲಿ 'ನೋಗೋ' ಎಂದು ಹೆಸರಾಯಿತು. ಅದನ್ನು ತಡೆದರೆ ಇಲಿಗಳು ಚೇತರಿಸಿಕೊಂಡವು. ಮನುಷ್ಯರ ಮೇಲಿನ ಪ್ರಯೋಗದಲ್ಲಿ, ಇಡೀ ಗುಂಪನ್ನು ನೋಡಿದರೆ, ಕೈಗಳ ಬಲ ಅಂದುಕೊಂಡಷ್ಟು ಹೆಚ್ಚಲಿಲ್ಲ. ಒಂದು ಬೀಗಕ್ಕೆ ಕೀಲಿ ಸಿಕ್ಕಿದೆ, ಬಾಗಿಲಿಗೆ ಬೀಗಗಳು ಹಲವು.

ಅದಕ್ಕೇ ಲಕ್ಷಗಟ್ಟಲೆ ತೆಗೆದುಕೊಂಡು ಬೆನ್ನುಹುರಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಅನುಮತಿ ಪಡೆದ ಪ್ರಯೋಗದ ಹೊರಗೆ ಅದನ್ನು ಮಾರಕೂಡದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ. ಪ್ರಯೋಗದಲ್ಲಿ ಸೇರಿಸಿಕೊಂಡವರು ರೋಗಿಯಿಂದ ಹಣ ಕೇಳುವಂತಿಲ್ಲ. ಗದ್ದೆ ಮಾರಲು ಹೊರಟಿದ್ದ ಒಂದು ಮನೆಯವರನ್ನು ಈ ಒಂದು ಮಾತು ಹೇಳಿ ನಿಲ್ಲಿಸಿದ್ದೇನೆ. ವಿಟಮಿನ್ ಬಿ12 ಮಾತ್ರೆ ಅದರ ಕೊರತೆ ಇದ್ದವರಿಗೆ ಬೇಕೇ ಬೇಕು, ಕಡಿದ ನರವನ್ನು ಅದು ಕೂಡಿಸುವುದಿಲ್ಲ.

ಆ ಅಕ್ಕನ ಜೊತೆ ಹತ್ತು ತಿಂಗಳು ಕೂತೆ. ಬಟ್ಟೆಚೀಲದಲ್ಲಿ ಹುಣಸೆಬೀಜ, ಗುಂಡಿ, ನಾಣ್ಯ, ಭತ್ತ ಹಾಕಿ, ಕಣ್ಣು ಮುಚ್ಚಿ ಹೇಳಿ ಅನ್ನುತ್ತಿದ್ದೆ. ಮೊದಮೊದಲು ನಡುಬೆರಳು ಮುಟ್ಟಿದರೆ ತೋರುಬೆರಳು ಎನ್ನುತ್ತಿದ್ದರು. ಮರಳಿ ಬಂದ ಎಳೆಗಳೆಲ್ಲ ತಮ್ಮ ಹಳೆಯ ಮನೆಗೇ ಸೇರುವುದಿಲ್ಲ, ಮೆದುಳು ಹೊಸ ವಿಳಾಸ ಕಲಿಯಬೇಕು. ಮಕ್ಕಳು ಬೇಗ ಕಲಿಯುತ್ತಾರೆ, ದೊಡ್ಡವರಿಗೆ ಪೂರ್ತಿ ಮೊದಲಿನಂತೆ ಆಗುವುದು ಅಪರೂಪ. ಈಗ ಎರಡು ವರ್ಷವಾಯಿತು. ಮತ್ತೆ ಸುಲಿತಕ್ಕೆ ಕೂರುತ್ತಿದ್ದಾರೆ, ಹೂವನ್ನೂ ಕಟ್ಟುತ್ತಾರೆ. ಚಳಿಗಾಲದ ಬೆಳಿಗ್ಗೆ ಆ ಮೂರು ಬೆರಳು ಸೆಡೆಯುತ್ತವಂತೆ. ಹಾಲು ಬಿಸಿಯಾಗಿದೆಯಾ ಎಂದು ನೋಡಲು ಈಗಲೂ ಎಡಗೈ ಬೆರಳನ್ನೇ ಅದ್ದುತ್ತಾರೆ.