ಮಿಸ್ಟರ್ ಬೀನ್ ನೋಡಿ ಈಗಲೂ ಅಷ್ಟು ನಗು ಯಾಕೆ?

‘ಅದೇ ಬೀನ್, ಅದೇ ಪೆದ್ದುತನ. ಅದರಲ್ಲಿ ಅಷ್ಟೊಂದು ನಗೋಕೆ ಏನಿದೆ?’ ನನ್ನನ್ನು ಬಲ್ಲವರೆಲ್ಲ ಒಂದಲ್ಲ ಒಂದು ಸಲ ಹೀಗೆ ಕೇಳಿದ್ದಾರೆ. ನನ್ನ ಪ್ರಕಾರ ಅವನು ಪೆದ್ದನೇ ಅಲ್ಲ. ಮರ್ಯಾದೆಗೆ ಅಂಜುವ ಮನುಷ್ಯ. ಗೊತ್ತಿಲ್ಲ, ಬೇಡ, ಸ್ವಲ್ಪ ಸಹಾಯ ಮಾಡಿ ಅಂತ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಎಪಿಸೋಡ್ ಅಲ್ಲೇ ಮುಗಿಯುತ್ತದೆ.

1990ರ ರೆಸ್ಟೋರೆಂಟ್ ದೃಶ್ಯವನ್ನೇ ನೋಡಿ. ಹುಟ್ಟುಹಬ್ಬಕ್ಕೆ ಬೀನ್ ಒಬ್ಬನೇ ಊಟಕ್ಕೆ ಬಂದಿದ್ದಾನೆ. ತಾನೇ ಕಾರ್ಡ್ ಬರೆದು, ಲಕೋಟೆಗೆ ಹಾಕಿ ಮೇಜಿನ ಮೇಲಿಟ್ಟು, ಆಮೇಲೆ ಯಾರೋ ಕೊಟ್ಟ ಹಾಗೆ ಬೆರಗಾಗಿ ಬಿಚ್ಚುತ್ತಾನೆ. (ಇಲ್ಲಿ ನನಗೆ ಕರುಳು ಚುರ್ ಅನ್ನುತ್ತದೆ.) ಜೇಬಿನ ದುಡ್ಡಿಗೆ ಎಟುಕಿದ್ದು ಸ್ಟೇಕ್ ಟಾರ್ಟಾರ್ ಒಂದೇ. ಬಂದ ಮೇಲೆ ನೋಡಿದರೆ ಹಸಿ ಮಾಂಸ! ‘ಇದು ಬೇಡ’ ಅಂದರೆ ಮುಗೀತು, ಅಲ್ವಾ? ಅನ್ನುವುದಿಲ್ಲ. ವೇಟರ್ ಬಂದು ವಿಚಾರಿಸಿದರೆ ಚೆನ್ನಾಗಿದೆ ಅಂತ ತಲೆಯಾಡಿಸುತ್ತಾನೆ. ಆಮೇಲೆ ಬಚ್ಚಿಡುವ ಕೆಲಸ ಶುರು. ಸಾಸಿವೆ ಡಬ್ಬಿ, ಬ್ರೆಡ್ಡಿನ ಹೊಟ್ಟೆ, ಹೂದಾನಿ, ಪಕ್ಕದ ಮೇಜಿನವಳ ಬ್ಯಾಗು, ಕಡೆಗೆ ಪಿಟೀಲು ನುಡಿಸುವವನ ಪ್ಯಾಂಟಿನೊಳಗೂ! ಬೀನ್‌ನ ಕಾಲು ತಾಗಿ ವೇಟರ್ ಬಿದ್ದಾಗ ಗಲೀಜನ್ನೆಲ್ಲ ಆ ವೇಟರ್ ತಲೆಗೇ ಕಟ್ಟುತ್ತಾನೆ. ರೆಸ್ಟೋರೆಂಟಿನವರು ಪಾಪ, ಬೇರೆ ಮೇಜಿಗೆ ಕೂರಿಸಿ ಉಪಚಾರ ಮಾಡುತ್ತಾರೆ. ಏನು ಬಡಿಸುತ್ತಾರೆ? ಇನ್ನೊಂದು ತಟ್ಟೆ ಸ್ಟೇಕ್ ಟಾರ್ಟಾರ್.

ಬೀನ್ ಅಂದರೆ ದೊಡ್ಡವನ ಮೈಯಲ್ಲಿರುವ ಮಗು ಅಂತ ಆ ಪಾತ್ರ ಮಾಡಿದ ರೋವನ್ ಆಟ್ಕಿನ್ಸನ್ ಅವರೇ ಹೇಳಿದ್ದಾರೆ. ನಾನು ಅರ್ಧ ಒಪ್ಪುತ್ತೇನೆ. ಮಗುವಾಗಿದ್ದರೆ ಥೂ ಅಂತ ಉಗಿದು ಅಳುತ್ತಿತ್ತು. ಇವನು ಉಗಿಯಲಾರ, ನಾಲ್ಕು ಜನ ನೋಡುತ್ತಿದ್ದಾರಲ್ಲ.

ಒಬ್ಬನೇ ಇದ್ದಾಗಲೂ ಅಷ್ಟೇ, ಯಾರ ಸಹಾಯವನ್ನೂ ಕೇಳುವುದಿಲ್ಲ. ಗೋಡೆಗೆ ಬಣ್ಣ ಹೊಡೆಯಲು ಕೋಣೆಯ ಸಾಮಾನಿಗೆಲ್ಲ ಪೇಪರ್ ಸುತ್ತಿ, ಬಣ್ಣದ ಡಬ್ಬಿಯೊಳಗೆ ಪಟಾಕಿ ಇಟ್ಟು ಹೊರಗೆ ಓಡುತ್ತಾನೆ. ಲೆಕ್ಕಾಚಾರವೆಲ್ಲ ಸರಿ. ಅಷ್ಟರಲ್ಲಿ ಮರೆತ ಟೋಪಿ ತಗೊಳ್ಳಲು ಯಾರೋ ಒಳಗೆ ಬರುತ್ತಾನೆ. ಸಿಡಿದ ಮೇಲೆ ಗೋಡೆಯ ಮೇಲೆ ಅವನ ಆಕಾರದಷ್ಟು ಜಾಗ ಮಾತ್ರ ಬಣ್ಣವಿಲ್ಲದೆ ಉಳಿಯುತ್ತದೆ. ಆಟ್ಕಿನ್ಸನ್ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಇಂಥ ಐಡಿಯಾಗಳಿಗೂ ಆ ಓದಿಗೂ ಸಂಬಂಧ ಇರಬೇಕು ಅಂತ ನನಗೆ ಸುಮ್ನೆ ಒಂದು ಗುಮಾನಿ.

2002ರಲ್ಲಿ ಶುರುವಾದ ಕಾರ್ಟೂನ್ ಬೀನ್ ಮಾತ್ರ ನನಗೆ ಅಷ್ಟಕ್ಕಷ್ಟೇ. ಕಾರ್ಟೂನಿನಲ್ಲಿ ಏನು ಬೇಕಾದರೂ ಆಗಬಹುದು, ಹಾಗಾಗಿ ಮಾನ ಹೋಗುವ ಭಯವೇ ಇರುವುದಿಲ್ಲ. ಅದನ್ನಷ್ಟೇ ನೋಡಿ ‘ಇದರಲ್ಲೇನಿದೆ’ ಅಂತ ಕೇಳುವವರು ಜಾಸ್ತಿ. ಆಟ್ಕಿನ್ಸನ್ ನಟಿಸಿದ ಮೊದಲಿನ 15 ಎಪಿಸೋಡ್ ನೋಡಿ, ಆಮೇಲೆ ಜಗಳ ಆಡೋಣ.