ನಮ್ಮ ಮಾಡೆಲ್ ಯುಎನ್ ತಯಾರಿ: ವನುವಾಟು ತಂಡ ಎಲ್ಲಿಗೆ ಬಂತು

ಆಗಸ್ಟ್ ಕೊನೆ

ಮಂಗಳೂರಿನ ಕಾಲೇಜೊಂದರಲ್ಲಿ ನಡೆಯುವ ಮಾಡೆಲ್ ಯುಎನ್‌ಗೆ, ಅಂದರೆ ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಗಳಾಗಿ ನಡೆಸುವ ಅಣಕು ವಿಶ್ವಸಂಸ್ಥೆಗೆ, ನಮ್ಮ ಪಿಯು ಮಕ್ಕಳ ಹೆಸರು ಕೊಟ್ಟಾಯ್ತು. ಅಣಕು ಮಹಾಸಭೆಯಲ್ಲಿ ನಮ್ಮ ಪಾಲಿಗೆ ಬಂದ ದೇಶ ವನುವಾಟು. ಚರ್ಚೆಯ ವಿಷಯ, ಹವಾಮಾನ ಬದಲಾವಣೆಯಿಂದ ಆಗುವ ನಷ್ಟಕ್ಕೆ ಯಾರು ಹೊಣೆ ಅನ್ನೋದು.

ಮಕ್ಕಳ ಮುಖ ಸಪ್ಪಗಾಯ್ತು. "ಅಮೆರಿಕ ಸಿಕ್ಕಿದ್ರೆ ಎಷ್ಟು ಚೆನ್ನಾಗಿತ್ತು ಮೇಡಂ" ಅಂದರು. ನನಗೆ ಮಾತ್ರ ತುಂಬಾ ಖುಷಿ. ಈ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ದೇಶ ಬೇರೆ ಇಲ್ಲ.

ಭೂಪಟದಲ್ಲಿ ಹುಡುಕುವುದಕ್ಕೇ ಸ್ವಲ್ಪ ಹೊತ್ತು ಬೇಕಾಯ್ತು. ಆಸ್ಟ್ರೇಲಿಯಾದ ಪೂರ್ವಕ್ಕೆ, ಪೆಸಿಫಿಕ್‌ನಲ್ಲಿ ಎಂಬತ್ತರಷ್ಟು ದ್ವೀಪಗಳು. ಜನಸಂಖ್ಯೆ ಸುಮಾರು ಮೂರು ಲಕ್ಷ. 1980ರವರೆಗೆ ಬ್ರಿಟನ್ ಮತ್ತು ಫ್ರಾನ್ಸ್ ಎರಡೂ ಸೇರಿ ಆಳುತ್ತಿದ್ದ ಜಾಗ. 2023ರ ಮಾರ್ಚ್‌ನಲ್ಲಿ ಒಂದೇ ವಾರದಲ್ಲಿ ಎರಡು ಚಂಡಮಾರುತ ಬಡಿದವು, ಜೂಡಿ ಮತ್ತು ಕೆವಿನ್. ಅದೇ ತಿಂಗಳ 29ರಂದು ಈ ಪುಟ್ಟ ದೇಶ ಮುಂದೆ ನಿಂತು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಒಂದು ನಿರ್ಣಯ ಪಾಸು ಮಾಡಿಸಿತು. ಹವಾಮಾನದ ವಿಚಾರದಲ್ಲಿ ದೇಶಗಳ ಕಾನೂನುಬದ್ಧ ಹೊಣೆ ಏನು ಅಂತ ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಕೇಳುವ ನಿರ್ಣಯ ಅದು.

ಇದರ ಬೀಜ ಬಿದ್ದದ್ದು 2019ರಲ್ಲಿ, ಯೂನಿವರ್ಸಿಟಿ ಆಫ್ ದ ಸೌತ್ ಪೆಸಿಫಿಕ್‌ನ 27 ಕಾನೂನು ವಿದ್ಯಾರ್ಥಿಗಳಿಂದ. ಇದನ್ನು ಹೇಳಿದ ಕೂಡಲೇ ತರಗತಿಯಲ್ಲಿ ಗಾಳಿಯೇ ಬದಲಾಯಿತು. "ಸ್ಟೂಡೆಂಟ್ಸಾ?" ಅಂತ ಹಿಂದಿನ ಬೆಂಚಿನಿಂದ ಕೇಳಿದ ಹುಡುಗ ಆಮೇಲೆ ಅಮೆರಿಕದ ಮಾತೇ ಎತ್ತಲಿಲ್ಲ.

ಸೆಪ್ಟೆಂಬರ್

ಮೊದಲು ನಿಯಮಗಳು. ಹಾಜರಿ ಕರೆದಾಗ "ಪ್ರೆಸೆಂಟ್" ಅಂದರೆ ನಿರ್ಣಯದ ಮೇಲೆ ತಟಸ್ಥವಾಗಿ ಉಳಿಯಬಹುದು. "ಪ್ರೆಸೆಂಟ್ ಅಂಡ್ ವೋಟಿಂಗ್" ಅಂದರೆ ಪರ ಅಥವಾ ವಿರೋಧ ಹೇಳಲೇಬೇಕು. ಪ್ಲಕಾರ್ಡ್ (ದೇಶದ ಹೆಸರಿನ ಫಲಕ) ಎತ್ತುವುದು, ಮಾತಾಡುವವರ ಪಟ್ಟಿಯಾದ ಸ್ಪೀಕರ್ಸ್ ಲಿಸ್ಟ್‌ಗೆ ಹೆಸರು ಕೊಡುವುದು, ಉಳಿದ ಸಮಯವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು, ಇವೆಲ್ಲ ಮಕ್ಕಳಿಗೆ ಬೇಗ ಬಂದವು.

ಕಷ್ಟದ್ದು ಅನ್‌ಮಾಡರೇಟೆಡ್ ಕಾಕಸ್. ಎಲ್ಲರೂ ಕುರ್ಚಿ ಬಿಟ್ಟೆದ್ದು, ಗುಂಪು ಕಟ್ಟಿ, ನಿರ್ಣಯದ ಕರಡು ಬರೆಯುವ ಹೊತ್ತು ಅದು. ಭಾಷಣ ಬಾಯಿಪಾಠ ಮಾಡಿದವರು ಇಲ್ಲಿ ಸುಮ್ನೆ ನಿಂತುಬಿಡುತ್ತಾರೆ. ನನ್ನ ಮಟ್ಟಿಗೆ ಮಾಡೆಲ್ ಯುಎನ್ ಅಂದರೆ ಇದೇ. ಮೈಕ್ ಹಿಡಿದು ಜೋರಾಗಿ ಮಾತಾಡಿದವರಿಗೇ ಬಹುಮಾನ ಹೋಗುವುದನ್ನು ಹಲವು ಕಡೆ ನೋಡಿದ್ದೇನೆ, ಅದು ಸರಿ ಅನ್ನಿಸಿಲ್ಲ. ವನುವಾಟು ಗೆದ್ದದ್ದು ಭಾಷಣದಿಂದಲ್ವಲ್ಲ. ಬಾಂಗ್ಲಾದೇಶ, ಜರ್ಮನಿ, ಮೊರಾಕ್ಕೊ, ಸಿಂಗಾಪುರ ಹೀಗೆ ಬೇರೆ ಬೇರೆ ಖಂಡದ ದೇಶಗಳನ್ನು ಸೇರಿಸಿಕೊಂಡು 18 ದೇಶಗಳ ಗುಂಪು ಕಟ್ಟಿ, ಕರಡನ್ನು ತಿದ್ದಿ ತಿದ್ದಿ ಮುಂದೆ ತಂದರು. ಕೊನೆಗೆ 130ಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದವು. ಅಮೆರಿಕ, ಚೀನಾ ಸಹಿ ಹಾಕಲಿಲ್ಲ, ಅಡ್ಡವೂ ಬರಲಿಲ್ಲ. ಮತಕ್ಕೆ ಹಾಕದೆಯೇ ನಿರ್ಣಯ ಅಂಗೀಕಾರವಾಯಿತು.

ಅದಕ್ಕೇ ಈ ತಿಂಗಳು ಪೂರ್ತಿ ಕರಡು ಬರೆಯುವುದಕ್ಕೇ ಕೊಟ್ಟೆವು. ಮೊದಲ ಅಣಕು ಸಭೆಯಲ್ಲಿ ನಮ್ಮವರು ಬರೆದ ಸಾಲು: "ಶ್ರೀಮಂತ ದೇಶಗಳು ಬಡ ದೇಶಗಳಿಗೆ ಹಣ ಕೊಡಬೇಕು." ಆ ಅಭ್ಯಾಸದಲ್ಲಿ ಜರ್ಮನಿಯ ಪ್ರತಿನಿಧಿಯಾಗಿದ್ದ ಕಾಮರ್ಸ್ ಹುಡುಗಿ ಬಿಡಲಿಲ್ಲ. "ಯಾವ ಖಾತೆಗೆ ಹಾಕೋದು? ಸಾಲವಾ, ಸುಮ್ನೆ ಕೊಡೋದಾ? ಕೊಡದಿದ್ರೆ ಏನ್ಮಾಡ್ತೀರಿ?" ಅಂತ ಒಂದರ ಹಿಂದೆ ಒಂದು ಕೇಳಿದಳು. ವನುವಾಟು ಕಡೆ ಮೌನ.

ಮುಂದಿನ ವಾರ ಅವರೇ ಹುಡುಕಿಕೊಂಡು ಬಂದರು. ನಷ್ಟ ಪರಿಹಾರಕ್ಕೆ ಒಂದು ನಿಧಿ ಬೇಕು ಅಂತ 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮಾವೇಶದಲ್ಲಿ ಒಪ್ಪಿಕೊಂಡಿದ್ದರು, 2023ರಲ್ಲಿ ದುಬೈನಲ್ಲಿ ಅದಕ್ಕೆ ಚಾಲನೆ ಸಿಕ್ಕಿತ್ತು. ಮಹಾಸಭೆ ಇಂಥ ವಿಷಯದಲ್ಲಿ ಶಿಫಾರಸು ಮಾಡಬಹುದೇ ಹೊರತು ಆದೇಶ ಕೊಡಲಾರದು ಅನ್ನುವುದೂ ಗೊತ್ತಾಯ್ತು. ಈಗ ಆ ಸಾಲು ಹೀಗಿದೆ: "ಚಂಡಮಾರುತಕ್ಕೆ ಸಿಕ್ಕ ಸಣ್ಣ ದ್ವೀಪ ದೇಶಗಳಿಗೆ ನಷ್ಟ ಪರಿಹಾರ ನಿಧಿಯಿಂದ ತುರ್ತು ನೆರವು ಸಾಲದ ರೂಪದಲ್ಲಿ ಅಲ್ಲದೆ ಅನುದಾನವಾಗಿ ಸಿಗಲಿ ಎಂದು ಸದಸ್ಯ ದೇಶಗಳನ್ನು ಕೋರುತ್ತದೆ." ಇದನ್ನು ಓದಿ ಜರ್ಮನಿ ಸಹಿ ಹಾಕಿತು. ಆ ಸಹಿ ನೋಡಿ ನನಗಾದ ಸಂತೋಷ ಯಾವ ಟ್ರೋಫಿಯಿಂದಲೂ ಆಗಿಲ್ಲ.

ಅಕ್ಟೋಬರ್ ಮೊದಲ ವಾರ

ನಮ್ಮ ದೇಶದ ನಿಲುವು ಹೇಳುವ ಪೊಸಿಷನ್ ಪೇಪರ್ ಮುಕ್ಕಾಲು ಮುಗಿದಿದೆ. ವನುವಾಟು ಕೇಳಿಸಿದ ಆ ಪ್ರಶ್ನೆಗೆ 2025ರ ಜುಲೈ 23ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟ ಸಲಹಾ ಅಭಿಪ್ರಾಯವನ್ನು ಎಲ್ಲಿ ಸೇರಿಸಬೇಕು ಅನ್ನುವುದೇ ಈಗಿನ ದೊಡ್ಡ ಚರ್ಚೆ. ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಅಂತ ನ್ಯಾಯಾಧೀಶರು ಒಮ್ಮತದಿಂದ ಹೇಳಿದರು. ಇದು ನಮ್ಮ ಕೈಯಲ್ಲಿರುವ ಅತಿ ಗಟ್ಟಿ ಮಾತು. ಮೊದಲ ಭಾಷಣದಲ್ಲೇ ಹೇಳಿಬಿಡೋಣ ಅಂತ ಅರ್ಧ ಜನ, ಕಾಕಸ್‌ಗೆ ಉಳಿಸಿಕೊಳ್ಳೋಣ ಅಂತ ಇನ್ನರ್ಧ. ನಾನು ಬಾಯಿ ಹಾಕಿಲ್ಲ, ಅವರೇ ತೀರ್ಮಾನಿಸಲಿ.

ಪ್ರತಿನಿಧಿ ಶುಲ್ಕ ಜಾಸ್ತಿ ಇತ್ತು. ಹಳೆಯ ವಿದ್ಯಾರ್ಥಿಗಳು ಸೇರಿ ಕಟ್ಟಿದರು. ಸಣ್ಣ ಊರಿನ ಮಕ್ಕಳು ಈ ಸಮ್ಮೇಳನಗಳಲ್ಲಿ ಕಡಿಮೆ ಕಾಣುವುದಕ್ಕೆ ಇಂಗ್ಲಿಷಿನಷ್ಟೇ ಈ ಶುಲ್ಕವೂ ಕಾರಣ. ನಡೆಸುವವರು ಕೆಲವು ಸೀಟನ್ನಾದರೂ ಉಚಿತವಾಗಿ ಇಡಬೇಕು.

ಈ ಶನಿವಾರ ತಿದ್ದುಪಡಿ ಮಂಡಿಸುವ ಅಭ್ಯಾಸ. ನಮ್ಮ ಕರಡನ್ನು ವಿರೋಧಿಸಲು ಒಬ್ಬರು ಸೌದಿ ಅರೇಬಿಯಾ ಆಗಬೇಕು. ಇನ್ನೂ ಯಾರೂ ಒಪ್ಪಿಲ್ಲ. ಜರ್ಮನಿಯಾಗಿದ್ದ ಹುಡುಗಿಯನ್ನೇ ಕೇಳಿ ನೋಡಬೇಕು.